ಭಾನುವಾರದ ಬಲಿಪೂಜೆಗೆ ಮಂಗಳವಾರದಿಂದ ಸಿದ್ಧತೆ: ಗಡಿನಾಡಿನ ಧರ್ಮಕೇಂದ್ರಗಳಿಗೊಂದು ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಐದು ನಿಮಿಷವಿರುವಾಗ ಸಕ್ರಿಸ್ತಿಯ (ಗುರುಗಳು ಪೂಜೆಗೆ ಸಿದ್ಧರಾಗುವ ಕೋಣೆಯ) ಬಾಗಿಲಲ್ಲಿ ನಿಂತು ‘ಇವತ್ತು ವಾಚನ ಓದುವವರು ಯಾರು?’ ಎಂದು ಕೇಳುವ ರೂಢಿ ಅನೇಕ ಕಥೋಲಿಕ ಧರ್ಮಕೇಂದ್ರಗಳಲ್ಲಿದೆ. ಎದುರಿಗೆ ಸಿಕ್ಕಿದ ಒಬ್ಬ ಹುಡುಗಿಯ ಕೈಗೆ ಅಂದಿನ ಬೈಬಲ್ ಭಾಗಗಳಿರುವ ವಾಚನಗ್ರಂಥ ಸೇರುತ್ತದೆ; ಆ ಭಾಗವನ್ನು ಆಕೆ ಮೊದಲ ಸಲ ಓದುವುದೇ ಇಡೀ ಸಭೆಯ ಮುಂದೆ. ಗಾಯನ ಮಂಡಳಿ ತನಗೆ ಚೆನ್ನಾಗಿ ಬರುವ ನಾಲ್ಕು ಹಾಡುಗಳನ್ನು ಹಾಡುತ್ತದೆ, ಜನರು ನಿಂತು ಕೇಳುತ್ತಾರೆ, ಪೂಜೆ ಮುಗಿಯುತ್ತದೆ. ಇಲ್ಲಿ ಯಾರ ಭಕ್ತಿಯಲ್ಲೂ ಕೊರತೆಯಿಲ್ಲ, ಸಿದ್ಧತೆಯಲ್ಲಿ ಕೊರತೆಯಿದೆ. ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಧರ್ಮಕೇಂದ್ರದ ಆರಾಧನಾ ಸಮಿತಿಯಲ್ಲಿ ಹಲವು ವರ್ಷ ದುಡಿದ ಮೇಲೆ ನನಗೆ ಖಚಿತವಾಗಿರುವ ಒಂದು ಸಂಗತಿಯನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ: ಸಿದ್ಧತೆಯನ್ನು ಹಾಡಿನ ಪಟ್ಟಿಯಿಂದ ಆರಂಭಿಸಬಾರದು, ಆ ದಿನದ ದೇವರ ವಾಕ್ಯದಿಂದ ಆರಂಭಿಸಬೇಕು, ಮತ್ತು ಪ್ರತಿಯೊಂದು ನಿರ್ಧಾರಕ್ಕೂ ‘ಇದರಿಂದ ಬೆಂಚಿನಲ್ಲಿರುವವರ ದನಿ ಏಳುತ್ತದೆಯೇ?’ ಎಂಬ ಪ್ರಶ್ನೆಯನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬೇಕು.

ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನವು ತನ್ನ 14ನೇ ಪರಿಚ್ಛೇದದಲ್ಲಿ, ವಿಶ್ವಾಸಿಗಳು ಪೂರ್ಣವಾಗಿ, ಅರಿವಿನಿಂದ ಮತ್ತು ಸಕ್ರಿಯವಾಗಿ ಭಾಗವಹಿಸಬೇಕೆಂದೂ, ಜ್ಞಾನಸ್ನಾನದ ಕಾರಣದಿಂದ ಅದು ಅವರ ಹಕ್ಕೂ ಕರ್ತವ್ಯವೂ ಆಗಿದೆಯೆಂದೂ ಹೇಳುತ್ತದೆ. 1965ರ ಮುಂಚಿನ ದಿನಗಳನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಗುರುಗಳು ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸುತ್ತಿದ್ದರೆ ಜನರು ತಮ್ಮಷ್ಟಕ್ಕೆ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದರೆಂದು ಅವರು ಹೇಳುತ್ತಾರೆ. ಭಾಷೆ ಬದಲಾಗಿ ಅರವತ್ತು ವರ್ಷ ಕಳೆದರೂ, ಎದುರಿಗೆ ನಡೆಯುವುದನ್ನು ನೋಡುತ್ತ ಕೂರುವ ಅಭ್ಯಾಸ ಪೂರ್ತಿ ಹೋಗಿಲ್ಲ.

ತಂಡ ಕಟ್ಟುವುದು

ಆರೇಳು ಜನ ಸಾಕು. ಧರ್ಮಗುರುಗಳು, ಗಾಯನ ಮಂಡಳಿಯಿಂದ ಒಬ್ಬರು, ಪೀಠ ಸೇವಕ ಮಕ್ಕಳನ್ನು ನೋಡಿಕೊಳ್ಳುವವರೊಬ್ಬರು, ಆ ವಾರ ಸರದಿಯಿರುವ ವಾರ್ಡಿನ (ಧರ್ಮಕೇಂದ್ರದ ಮನೆಗಳ ಒಂದು ಗುಂಪಿನ) ಗುರಿಕಾರರು, ಅಂದರೆ ಮುಖಂಡರು, ಆ ವಾರ್ಡಿನ ಇಬ್ಬರು ವಾಚಕರು ಇದ್ದರೆ ಕೆಲಸ ನಡೆಯುತ್ತದೆ. ವಾರ್ಡುಗಳಿಗೆ ಸರದಿ ಹಂಚುವಾಗ ವರ್ಷಾರಂಭದಲ್ಲೇ ಪಟ್ಟಿ ಮಾಡಿ ಇಗರ್ಜಿಯ ಫಲಕದಲ್ಲಿ ಹಾಕುವುದು ಒಳ್ಳೆಯದು. ವಾಟ್ಸಾಪ್‌ನಲ್ಲಿ ಹೆಸರು ಕೇಳಿ ಹಂಚಿಬಿಡುವ ಪದ್ಧತಿ ಸುಲಭವೇನೋ ಹೌದು, ಆದರೆ ವಾಕ್ಯವನ್ನು ಒಟ್ಟಿಗೆ ಕೂತು ಓದುವುದಕ್ಕೆ ಅದು ಬದಲಿಯಾಗಲಾರದು.

ಮಂಗಳವಾರ ಸಂಜೆ: ವಾಕ್ಯದ ಮುಂದೆ ಕೂರುವುದು

ಮೊದಲು, ಓದಬೇಕಾದ ವಾಚನಗಳು ಯಾವುವು ಎಂದು ಸರಿಯಾಗಿ ಗುರುತಿಸಿಕೊಳ್ಳಬೇಕು. ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಎ ವರ್ಷದಲ್ಲಿ ಮತ್ತಾಯನ, ಬಿ ವರ್ಷದಲ್ಲಿ ಮಾರ್ಕನ, ಸಿ ವರ್ಷದಲ್ಲಿ ಲೂಕನ ಶುಭಸಂದೇಶಕ್ಕೆ ಪ್ರಾಧಾನ್ಯ. ಯೊವಾನ್ನನ ಶುಭಸಂದೇಶ ಮುಖ್ಯವಾಗಿ ಪಾಸ್ಕ ಕಾಲದಲ್ಲಿ (ಈಸ್ಟರ್ ನಂತರದ ವಾರಗಳಲ್ಲಿ) ಬರುತ್ತದೆ. ಮೂರರಿಂದ ನಿಶ್ಶೇಷವಾಗಿ ಭಾಗವಾಗುವ ಇಸವಿ ಸಿ ವರ್ಷ ಎಂದು ನೆನಪಿಟ್ಟುಕೊಂಡರೆ ಗೊಂದಲವಿರದು: 2025 ಸಿ, 2026 ಎ, 2027 ಬಿ. ಆದರೆ ವಾಚನಗಳ ಈ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಅದರ ಹಿಂದಿನ ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ) ಮೊದಲ ಭಾನುವಾರ. ಈ ಒಂದು ಅಂಶವನ್ನು ಮರೆತು, ಒಮ್ಮೆ ಡಿಸೆಂಬರಿನಲ್ಲಿ ನಾನೇ ಹಳೆಯ ವರ್ಷದ ವಾಚನವನ್ನು ಒಬ್ಬ ವಾಚಕರಿಗೆ ಕೊಟ್ಟಿದ್ದೆ. ಅವರು ವಾರವಿಡೀ ಶ್ರದ್ಧೆಯಿಂದ ಅಭ್ಯಾಸ ಮಾಡಿ ಬಂದಿದ್ದರು. ಭಾನುವಾರ ಗ್ರಂಥ ತೆರೆದಾಗ ಅಲ್ಲಿ ಬೇರೆಯೇ ಪುಟವಿತ್ತು. ಅಂದಿನಿಂದ ವರ್ಷ, ಭಾನುವಾರ, ಅಧ್ಯಾಯ, ವಚನ ಇಷ್ಟನ್ನೂ ಚೀಟಿಯಲ್ಲಿ ಬರೆದು, ಇನ್ನೊಬ್ಬರಿಂದ ತಾಳೆ ನೋಡಿಸಿದ ಮೇಲೆಯೇ ಹಂಚುತ್ತೇನೆ.

ನಂತರ ಶುಭಸಂದೇಶವನ್ನು ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಮೊದಲನೆಯ ವಾಚನವನ್ನು. ಸಾಧಾರಣ ಕಾಲದಲ್ಲಿ (ಆಗಮನ, ಪಾಸ್ಕದಂಥ ವಿಶೇಷ ಕಾಲಗಳನ್ನು ಬಿಟ್ಟ ಉಳಿದ ವಾರಗಳಲ್ಲಿ) ಹಳೆಯ ಒಡಂಬಡಿಕೆಯ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸಿರುತ್ತಾರೆ. ಎರಡನೆಯ ವಾಚನ ಮಾತ್ರ ಪ್ರೇಷಿತರ ಪತ್ರವೊಂದನ್ನು ವಾರದಿಂದ ವಾರಕ್ಕೆ ಮುಂದುವರಿಸಿಕೊಂಡು ಹೋಗುತ್ತದೆ. ಆದ್ದರಿಂದ ಮೂರನ್ನೂ ಒಂದೇ ವಿಷಯಕ್ಕೆ ಎಳೆದು ಕಟ್ಟುವ ಪ್ರಯತ್ನ ಬೇಡ. ಪಾಸ್ಕ ಕಾಲದಲ್ಲಿ ಮೊದಲನೆಯ ವಾಚನ ಪ್ರೇಷಿತರ ಕಾರ್ಯಕಲಾಪಗಳಿಂದ ಬರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಎ ವರ್ಷದ ಸಾಧಾರಣ ಕಾಲದ 19ನೇ ಭಾನುವಾರ 2023ರಲ್ಲಿ ಆಗಸ್ಟ್ 13ಕ್ಕೆ ಬಿದ್ದಿತ್ತು, 2026ರಲ್ಲಿ ಆಗಸ್ಟ್ 9ಕ್ಕೆ. ಅಂದಿನ ಶುಭಸಂದೇಶ ಮತ್ತಾಯನ 14ನೇ ಅಧ್ಯಾಯದ್ದು: ರಾತ್ರಿಯ ಗಾಳಿಗೆ ಸಿಕ್ಕಿದ ದೋಣಿ, ನೀರಿನ ಮೇಲೆ ನಡೆದು ಬರುವ ಯೇಸು, ಹೆಜ್ಜೆಯಿಟ್ಟು ಹೆದರಿ ಮುಳುಗತೊಡಗಿದ ಪೇತ್ರ. ಮೊದಲನೆಯ ವಾಚನದಲ್ಲಿ ಪ್ರವಾದಿ ಎಲೀಯ, ಬೆಟ್ಟದ ಗವಿಯ ಬಾಯಲ್ಲಿ ನಿಂತು ದೇವರಿಗಾಗಿ ಕಾಯುತ್ತಾನೆ. ಕೇರಳ ಕರಾವಳಿಯ ಟ್ರಾಲಿಂಗ್ ನಿಷೇಧ ಜುಲೈ 31ಕ್ಕೆ ಮುಗಿದು ದೊಡ್ಡ ದೋಣಿಗಳು ಮತ್ತೆ ಕಡಲಿಗಿಳಿಯುವ ದಿನಗಳಲ್ಲೇ ಈ ಭಾನುವಾರ ಬರುತ್ತದೆ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕಡಲತಡಿಯಲ್ಲಿ ಬದುಕುವವರಿಗೆ ಆಗಸ್ಟಿನ ಗಾಳಿ ಎಂಥದೆಂದು ಯಾರೂ ವಿವರಿಸಬೇಕಾಗಿಲ್ಲ. ಹೀಗೆ ಓದುತ್ತ ಹೋದಂತೆ ‘ಈ ವಾಕ್ಯ ನಮ್ಮ ಊರಿನಲ್ಲಿ ಯಾರ ಮನೆ ಬಾಗಿಲು ತಟ್ಟುತ್ತದೆ?’ ಎಂದು ತಂಡದ ಪ್ರತಿಯೊಬ್ಬರೂ ಒಂದು ಮಾತಿನಲ್ಲಿ ಹೇಳಲಿ. ಹಾಡು, ಪೀಠಿಕೆ, ವಿಶ್ವಾಸಿಗಳ ಪ್ರಾರ್ಥನೆ ಎಲ್ಲವೂ ಆ ಮಾತುಗಳಿಂದಲೇ ಹುಟ್ಟುತ್ತವೆ. ಧರ್ಮಗುರುಗಳಿಗೂ ಪ್ರಬೋಧನೆಗೆ (ಪೂಜೆಯ ನಡುವಿನ ಉಪದೇಶಕ್ಕೆ) ಬೇಕಾದದ್ದು ಆ ಸಂಜೆ ಸಿಗುತ್ತದೆ.

ಭಾಷೆಯ ಪ್ರಶ್ನೆ

ಗಡಿನಾಡಿನ ಧರ್ಮಕೇಂದ್ರಗಳಲ್ಲಿ ಇದನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. 1890ರ ಬೇಳದ ಶೋಕಮಾತೆಯ ಇಗರ್ಜಿಯಿಂದ ಹಿಡಿದು ಈ ಭಾಗದ ಅನೇಕ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಹೆಚ್ಚಿನ ಕುಟುಂಬಗಳ ಮನೆಮಾತು ಕೊಂಕಣಿ, ಹಿರಿಯರು ಶಾಲೆಯಲ್ಲಿ ಓದಿದ್ದು ಕನ್ನಡ, ಅಂಗಳದ ಮಾತು ತುಳು, 1956ರ ನವೆಂಬರ್ 1ರ ನಂತರ ಕಚೇರಿಯ ಭಾಷೆ ಮಲಯಾಳ. ಮಕ್ಕಳಲ್ಲಿ ಅನೇಕರು ಇಂಗ್ಲಿಷ್ ಮಾಧ್ಯಮದವರು. ಎಲ್ಲರನ್ನೂ ಮೆಚ್ಚಿಸಬೇಕೆಂದು ಒಂದೇ ಪೂಜೆಯಲ್ಲಿ ಮೊದಲನೆಯ ವಾಚನ ಒಂದು ಭಾಷೆಯಲ್ಲಿ, ಎರಡನೆಯದು ಇನ್ನೊಂದರಲ್ಲಿ, ಪ್ರಬೋಧನೆ ಮೂರರಲ್ಲಿ ಎಂದು ಹಂಚಿದರೆ, ಪ್ರತಿಯೊಬ್ಬರೂ ಪೂಜೆಯ ಮೂರನೆಯ ಒಂದು ಪಾಲನ್ನು ಮಾತ್ರ ಪಡೆದು ಮನೆಗೆ ಹೋಗುತ್ತಾರೆ.

ನಾವು ಅನುಸರಿಸಿ ಫಲ ಕಂಡ ಕ್ರಮ ಹೀಗಿದೆ. ಒಂದು ಪೂಜೆಗೆ ಒಂದು ಮುಖ್ಯ ಭಾಷೆ ಇರಲಿ. ವಾಚನಗಳು ಮತ್ತು ಪೂಜಾ ಪ್ರಾರ್ಥನೆಗಳು ಅದರಲ್ಲೇ ನಡೆಯಲಿ. ಕನ್ನಡದಲ್ಲಿ ಪೂಜೆಯಿರುವ ಭಾನುವಾರ ಕೊಂಕಣಿಯ ಒಂದು ಪರಿಚಿತ ಹಾಡನ್ನು ಪರಮಪ್ರಸಾದ (ಪವಿತ್ರ ರೊಟ್ಟಿ) ಸ್ವೀಕರಿಸುವ ಹೊತ್ತಿಗೆ ಹಾಡಿದರೆ ಹಿರಿಯರ ದನಿ ತಾನಾಗಿ ಸೇರುತ್ತದೆ. ವಿಶ್ವಾಸಿಗಳ ಪ್ರಾರ್ಥನೆಯ ಒಂದೊಂದು ಬಿನ್ನಹವನ್ನು ಬೇರೆ ಬೇರೆ ಭಾಷೆಯಲ್ಲಿ ಮಾಡಬಹುದು, ಆದರೆ ಸಭೆಯ ಉತ್ತರ ಒಂದೇ ಭಾಷೆಯಲ್ಲಿರಬೇಕು. ಉತ್ತರದ ಭಾಷೆ ಬದಲಾದರೆ ಜನರು ಗೊಂದಲಗೊಂಡು ಸುಮ್ಮನಾಗುತ್ತಾರೆ.

ಮದುವೆ ಮತ್ತು ಅಂತ್ಯಕ್ರಿಯೆಯ ಪೂಜೆಗಳಲ್ಲಿ ಕನ್ನಡಕ್ಕೆ ಬೇರೆಯೇ ಹೊಣೆಯಿದೆ. ಸತ್ತವರ ಮನೆಯ ಅಡಿಕೆ ತೋಟದಲ್ಲಿ ನಲವತ್ತು ವರ್ಷ ಜೊತೆಗೆ ದುಡಿದ ಹಿಂದೂ ನೆರೆಯವರೂ ಅಂಗಡಿಯ ಬ್ಯಾರಿ ಸ್ನೇಹಿತರೂ ಅಂದು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಪೂಜೆ ಕೊಂಕಣಿಯಲ್ಲಿದ್ದರೂ ಆರಂಭದಲ್ಲಿ ಎರಡು ಮಾತು, ಪರಮಪ್ರಸಾದದ ಮೊದಲು ಒಂದು ಮಾತು, ಅಂತ್ಯದಲ್ಲಿ ಕೃತಜ್ಞತೆಯ ಮಾತು ಕನ್ನಡದಲ್ಲಿರಲಿ. ಪರಮಪ್ರಸಾದವನ್ನು ಯಾರು ಸ್ವೀಕರಿಸುತ್ತಾರೆ ಎಂಬುದನ್ನು ತಿಳಿಸುವಾಗ ‘ಬೇರೆಯವರು ಬರಬಾರದು’ ಎಂಬ ಧಾಟಿ ಬೇಡ. ‘ಈ ಸಮಯದಲ್ಲಿ ಕಥೋಲಿಕ ವಿಶ್ವಾಸಿಗಳು ಪರಮಪ್ರಸಾದ ಸ್ವೀಕರಿಸುತ್ತಾರೆ, ನಮ್ಮೊಡನೆ ಸೇರಿರುವ ಬಂಧುಮಿತ್ರರು ಕುಳಿತಲ್ಲೇ ಮೃತರಿಗಾಗಿ ಮೌನವಾಗಿ ಪ್ರಾರ್ಥಿಸಬೇಕೆಂದು ವಿನಂತಿಸುತ್ತೇವೆ’ ಎಂದರೆ ನಿಯಮವೂ ಉಳಿಯುತ್ತದೆ, ಬಂದವರ ಮನಸ್ಸೂ ನೋಯುವುದಿಲ್ಲ.

ಗುರುವಾರ: ವಾಚಕರ ಅಭ್ಯಾಸ

ನನ್ನ ಅನುಭವದಲ್ಲಿ ಅತ್ಯಂತ ಕಡಿಮೆ ಶ್ರಮಕ್ಕೆ ಅತ್ಯಂತ ಹೆಚ್ಚು ಫಲ ಕೊಡುವ ಹಂತ ಇದು. 2023ರ ಆ ಆಗಸ್ಟಿನಲ್ಲಿ ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗಿಗೆ ಎಲೀಯನ ವಾಚನ ಬಂದಿತ್ತು. ಚರ್ಚ್ ಹಾಲಿನ ಜಗಲಿಯಲ್ಲಿ ನಿಂತು ಆಕೆ ಒಂದು ತಪ್ಪೂ ಇಲ್ಲದೆ, ಸ್ಪಷ್ಟವಾಗಿ ಓದಿದಳು. ಆದರೂ ಕೇಳುತ್ತಿದ್ದ ನಮಗೆ ಏನೂ ತಟ್ಟಲಿಲ್ಲ. ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಯ ಮೆಲುದನಿ ನಾಲ್ಕೂ ಒಂದೇ ವೇಗದಲ್ಲಿ ಸಾಗಿಹೋಗಿದ್ದವು. ಆಕೆಯ ಕೈಗೆ ಪೆನ್ಸಿಲ್ ಕೊಟ್ಟು, ಜೆರಾಕ್ಸ್ ಪ್ರತಿಯಲ್ಲಿ ‘ಇರಲಿಲ್ಲ’ ಎಂದು ಬರುವ ಮೂರು ಕಡೆಯೂ ಎರಡು ಗೆರೆ ಎಳೆಯಲು ಹೇಳಿದೆವು: ಅಲ್ಲಿ ಒಂದು ಪೂರ್ತಿ ಉಸಿರು ನಿಲ್ಲಬೇಕು. ಗಾಳಿಯಲ್ಲಿ ಸರ್ವೇಶ್ವರ ಇರಲಿಲ್ಲ, ನಿಲುಗಡೆ. ಭೂಕಂಪದಲ್ಲಿ ಇರಲಿಲ್ಲ, ನಿಲುಗಡೆ. ಬೆಂಕಿಯಲ್ಲೂ ಇರಲಿಲ್ಲ, ಇನ್ನೂ ತುಸು ಉದ್ದದ ನಿಲುಗಡೆ. ಆಮೇಲೆ ಮೆಲುದನಿಯ ವಾಕ್ಯವನ್ನು ದನಿ ತಗ್ಗಿಸದೆ, ನಿಧಾನವಾಗಿ ಮಾತ್ರ ಓದಬೇಕು, ಏಕೆಂದರೆ ಮೈಕಿನ ಮುಂದೆ ದನಿ ತಗ್ಗಿಸಿದರೆ ಹಿಂದಿನ ಬೆಂಚಿಗೆ ಏನೂ ಕೇಳುವುದಿಲ್ಲ. ಎರಡನೆಯ ಸಲ ಓದಿದಾಗ ಜಗಲಿಯ ತಗಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಆ ನಿಲುಗಡೆಗಳಲ್ಲಿ ಕೇಳಿಸಿತು. ಭಾನುವಾರ ಅದೇ ನಿಲುಗಡೆಗಳಲ್ಲಿ ಇಗರ್ಜಿಯಲ್ಲಿ ಕೆಮ್ಮು ಕೂಡ ಇರಲಿಲ್ಲ.

ವಾಚಕರಿಗೆ ಹೇಳಿಕೊಡಬೇಕಾದ ಉಳಿದ ಸಂಗತಿಗಳು ಸಣ್ಣವು. ಹೆಸರುಗಳ ಉಚ್ಚಾರಣೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಪೌಲನ ಪತ್ರಗಳ ಉದ್ದದ ವಾಕ್ಯಗಳಲ್ಲಿ ಮುಖ್ಯ ಕ್ರಿಯಾಪದ ಎಲ್ಲಿದೆಯೆಂದು ಹುಡುಕಿ ಅಡಿಗೆರೆ ಹಾಕಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯದ ತುದಿಯಲ್ಲಿ ದನಿ ಇಳಿಸಿಬಿಟ್ಟರೆ ಅರ್ಥವೇ ಜಾರಿಹೋಗುತ್ತದೆ. ನಮ್ಮ ವಾಚಕರಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದೇ. ಮೊಬೈಲಿನಿಂದ ಓದುವುದು ಬೇಡ, ಗ್ರಂಥದಿಂದಲೇ ಓದಲಿ. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ವಿಧ್ಯುಕ್ತ ಸೇವೆಯನ್ನು ಮಹಿಳೆಯರಿಗೂ ತೆರೆದಿದ್ದಾರೆ. ವಾಕ್ಯ ಸಾರುವುದು ಬಿಡುವಿದ್ದವರು ಮಾಡುವ ಸಹಾಯವಲ್ಲ, ಅದೊಂದು ಸೇವಾಪದವಿ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಬೇಕು.

ಹಾಡುಗಳ ಆಯ್ಕೆ

ಪ್ರವೇಶ, ಕಾಣಿಕೆ, ಪರಮಪ್ರಸಾದ, ಮುಕ್ತಾಯ ಎಂಬ ನಾಲ್ಕು ಹಾಡುಗಳಿಗೆ ಗಾಯನ ಮಂಡಳಿಯ ಶ್ರಮವೆಲ್ಲ ಹೋಗುತ್ತದೆ. ವಾಸ್ತವದಲ್ಲಿ ಮೊದಲ ಮರ್ಯಾದೆ ಸಲ್ಲಬೇಕಾದದ್ದು ಜನರೇ ಹಾಡಬೇಕಾದ ಭಾಗಗಳಿಗೆ: ಕೀರ್ತನೆಯ ಶ್ಲೋಕ (ಜನರು ಮತ್ತೆ ಮತ್ತೆ ಹಾಡುವ ಸಾಲು), ಅಲ್ಲೆಲೂಯ, ‘ಪವಿತ್ರ ಪವಿತ್ರ’, ಮಹಾ ಸ್ತುತಿಯ ಕೊನೆಯ ‘ಆಮೆನ್’. ಇವುಗಳಿಗೆ ಒಂದೇ ರಾಗವನ್ನು ಮೂರು ತಿಂಗಳಾದರೂ ಬದಲಿಸಬೇಡಿ. ಮಂಡಳಿಗೆ ಬೇಸರವಾಗುವ ಹೊತ್ತಿಗೆ ಜನರಿಗೆ ಅದು ಬಾಯಿಗೆ ಬಂದಿರುತ್ತದೆ. ಆಗಮನ ಕಾಲದಲ್ಲೂ ತಪಸ್ಸು ಕಾಲದಲ್ಲೂ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ) ಭಾನುವಾರಗಳಂದು ಮಹಿಮಾ ಗೀತೆ (ಗ್ಲೋರಿಯ) ಇಲ್ಲ, ತಪಸ್ಸು ಕಾಲದಲ್ಲಿ ಅಲ್ಲೆಲೂಯವೂ ಇಲ್ಲ ಎಂಬುದನ್ನು ಹೊಸ ಸದಸ್ಯರಿಗೆ ಮೊದಲೇ ಹೇಳಬೇಕು.

ಕೀರ್ತನೆಯ ಬದಲು ಯಾವುದೋ ಭಕ್ತಿಗೀತೆ ಹಾಡುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು. ಕೀರ್ತನೆ ಮೊದಲನೆಯ ವಾಚನಕ್ಕೆ ಜನರು ಕೊಡುವ ಉತ್ತರ, ಮತ್ತು ಅದೂ ದೇವರ ವಾಕ್ಯವೇ. ಹಾಡಲು ಬರದಿದ್ದರೆ ಶ್ಲೋಕವನ್ನಷ್ಟೇ ಹಾಡಿ ಚರಣಗಳನ್ನು ಓದಬಹುದು. ಹೊಸ ಹಾಡು ಕಲಿಸುವುದಾದರೆ ಪೂಜೆಗೆ ಹತ್ತು ನಿಮಿಷ ಮೊದಲು ವಾದ್ಯವಿಲ್ಲದೆ, ಸಾಲು ಸಾಲಾಗಿ ಕಲಿಸಿ, ನಾಲ್ಕು ವಾರ ಅದನ್ನೇ ಮುಂದುವರಿಸಿ. ಕೀಬೋರ್ಡಿನ ಸಿದ್ಧ ತಾಳ ಹಾಕಿ ಶ್ರುತಿಯನ್ನು ಯುವಕರ ಕಂಠಕ್ಕೆ ಏರಿಸಿದಾಗ ಅಜ್ಜಿಯಂದಿರು ಮೊದಲ ಸಾಲಿಗೇ ಬಾಯಿ ಮುಚ್ಚುತ್ತಾರೆ. ಎರಡು ಸ್ವರ ಕೆಳಗಿಳಿಸಿ ನೋಡಿ.

ವಿಶ್ವಾಸಿಗಳ ಪ್ರಾರ್ಥನೆ ಬರೆಯುವುದು

ಇದು ಮುದ್ರಿತ ಹಾಳೆಯಿಂದ ಓದಿ ಮುಗಿಸುವ ಭಾಗವಾಗಬಾರದು. ಧರ್ಮಸಭೆಗಾಗಿ, ಆಳುವವರಿಗಾಗಿ ಮತ್ತು ಲೋಕಕ್ಕಾಗಿ, ಕಷ್ಟದಲ್ಲಿರುವವರಿಗಾಗಿ, ಕೊನೆಗೆ ನಮ್ಮ ಸಮುದಾಯಕ್ಕಾಗಿ ಎಂಬುದು ಧರ್ಮಸಭೆ ತೋರಿಸಿದ ಕ್ರಮ. ನಾಲ್ಕೈದು ಬಿನ್ನಹ ಸಾಕು, ಪ್ರತಿಯೊಂದೂ ಎರಡು ಉಸಿರಿನಲ್ಲಿ ಮುಗಿಯಬೇಕು, ಅದರೊಳಗೆ ಉಪದೇಶವಾಗಲಿ ದಾನಿಗಳ ಹೊಗಳಿಕೆಯಾಗಲಿ ಇರಬಾರದು.

‘ಕಷ್ಟದಲ್ಲಿರುವ ಸಮಸ್ತರನ್ನೂ ಕಾಪಾಡಿ’ ಎಂದರೆ ಯಾರ ಮುಖವೂ ಕಣ್ಣಿಗೆ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ನೋವು ಎಣ್ಮಕಜೆಯಂಥ ಗ್ರಾಮಗಳಲ್ಲಿ ಇನ್ನೂ ಇದೆ. ‘ಎಂಡೋಸಲ್ಫಾನ್‌ನಿಂದ ನರಳುತ್ತಿರುವ ನಮ್ಮ ನೆರೆಯ ಮಕ್ಕಳಿಗಾಗಿ, ಅವರನ್ನು ಹಗಲಿರುಳೂ ಎತ್ತಿ ಆಡಿಸುತ್ತ ಈಗ ವಯಸ್ಸಾಗುತ್ತಿರುವ ಅವರ ತಾಯಂದಿರಿಗಾಗಿ ಪ್ರಾರ್ಥಿಸೋಣ’ ಎಂದರೆ ಸಭೆ ಕೊಡುವ ಉತ್ತರದ ದನಿಯೇ ಬೇರೆಯಾಗುತ್ತದೆ. ಬಿನ್ನಹಗಳನ್ನು ಬರೆಯುವ ಕೆಲಸವನ್ನು ಸರದಿಯ ವಾರ್ಡಿಗೇ ಕೊಡಿ. ಭಾಷೆಯನ್ನು ತಿದ್ದಿ, ವಿಷಯವನ್ನು ತಿದ್ದಬೇಡಿ.

ಮೌನ, ಸಂಕೇತ, ಸ್ಥಳ

ಮೌನವನ್ನೂ ಸಿದ್ಧಪಡಿಸಬೇಕು. ಗುರುಗಳು ‘ಪ್ರಾರ್ಥಿಸೋಣ’ ಎಂದ ಮೇಲೆ, ವಾಚನಗಳ ನಂತರ, ಪ್ರಬೋಧನೆಯ ನಂತರ, ಪರಮಪ್ರಸಾದದ ನಂತರ ಮೌನವಿರಬೇಕೆಂದು ಪೂಜಾವಿಧಿಯೇ ಹೇಳುತ್ತದೆ. ಗಾಯನ ಮಂಡಳಿಗೂ ವಾಚಕರಿಗೂ ಇದು ಮೊದಲೇ ತಿಳಿದಿರದಿದ್ದರೆ, ಆ ಬಿಡುವನ್ನು ಯಾರೋ ಮರೆತಿದ್ದಾರೆಂದು ಭಾವಿಸಿ ಒಬ್ಬರು ಕೀಬೋರ್ಡ್ ನುಡಿಸುತ್ತಾರೆ, ಇನ್ನೊಬ್ಬರು ಪ್ರಕಟಣೆ ಓದುತ್ತಾರೆ.

ಭಾರತೀಯ ಪದ್ಧತಿಯ ಹನ್ನೆರಡು ಅಂಶಗಳಿಗೆ ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆ ನೀಡಿತು. ಅಂಜಲಿಬದ್ಧ ನಮಸ್ಕಾರ, ಆರತಿ, ಎಣ್ಣೆಯ ದೀಪ, ಪಾದರಕ್ಷೆ ಕಳಚುವುದು ಅವುಗಳಲ್ಲಿ ಸೇರಿವೆ. ಇವನ್ನು ಧರ್ಮಾಧ್ಯಕ್ಷರ ನಿರ್ದೇಶನದಂತೆ ಬಳಸಬೇಕು, ಮತ್ತು ಆರತಿ ಎತ್ತುವ ಮಕ್ಕಳಿಗೆ ಅದರ ಅರ್ಥ ಗೊತ್ತಿರಬೇಕು. ಹಬ್ಬದ ದಿನದ ಅಲಂಕಾರವಾಗಿ ಮಾತ್ರ ಬಂದ ಆರತಿ ಛಾಯಾಗ್ರಾಹಕರಿಗೆ ಹೊರತು ಇನ್ನಾರಿಗೂ ಉಪಯೋಗವಾಗುವುದಿಲ್ಲ.

ಸಂಕೇತಗಳು ತಾವಾಗಿಯೇ ಮಾತಾಡುವ ದಿನ ನಮ್ಮಲ್ಲಿ ಸೆಪ್ಟೆಂಬರ್ 8ರ ತೆನೆಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ತರುತ್ತಾರೆ, ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಪ್ರತಿ ಮನೆಗೂ ಕೊಡುತ್ತಾರೆ. ಗದ್ದೆಗಳು ಅಡಿಕೆ ತೋಟಗಳಾದ ಊರುಗಳಲ್ಲಿ ತೆನೆಯನ್ನು ಬೇರೆಡೆಯಿಂದ ತರಿಸಬೇಕಾಗುತ್ತದೆ. ಸಾಧ್ಯವಿದ್ದರೆ, ಇನ್ನೂ ಬೇಸಾಯ ಮಾಡುತ್ತಿರುವ ಒಬ್ಬರ ಗದ್ದೆಯಿಂದಲೇ ತಂದು, ಆ ಕುಟುಂಬವೇ ಅದನ್ನು ಮೆರವಣಿಗೆಯಲ್ಲಿ ಹೊತ್ತು ಬರುವಂತೆ ಏರ್ಪಡಿಸಿ.

ಗಾಲಿಕುರ್ಚಿ ಒಳಬರಲು ಇಳಿಜಾರು ದಾರಿ ಇದೆಯೇ, ಅದು ನಿಲ್ಲಲು ಮುಂದಿನ ಸಾಲಿನ ಪಕ್ಕ ಜಾಗ ಬಿಟ್ಟಿದ್ದೀರೋ ನೋಡಿ. ಮಳೆಗಾಲದಲ್ಲಿ ಒದ್ದೆ ಕೊಡೆಗಳಿಗೆ ಬಾಗಿಲ ಹೊರಗೆ ಜಾಗ ಮಾಡಿ. ಇಲ್ಲದಿದ್ದರೆ ನೆಲ ಜಾರಿ ಹಿರಿಯರು ಬೀಳುತ್ತಾರೆ.

ಶನಿವಾರ ಮತ್ತು ಭಾನುವಾರ

ಶನಿವಾರ ಸಂಜೆ ಅರ್ಧ ಗಂಟೆಯ ಕೆಲಸ: ವಾಚನಗ್ರಂಥದ ಪುಟಕ್ಕೆ ಪಟ್ಟಿ ಇಡುವುದು, ಮೈಕ್ ಪರೀಕ್ಷಿಸುವುದು, ಇನ್ವರ್ಟರ್ ಬ್ಯಾಟರಿ ನೋಡುವುದು, ಕಾಣಿಕೆ ತರುವ ಕುಟುಂಬಕ್ಕೆ ಫೋನ್ ಮಾಡುವುದು. ಕಾಣಿಕೆ ಮೆರವಣಿಗೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಮುಖ್ಯ. ಬಡವರಿಗೆ ಹಂಚುವ ಅಕ್ಕಿ, ತೆಂಗಿನಕಾಯಿ ಬರಲಿ, ಪೂಜೆ ಮುಗಿದ ಮೇಲೆ ಮನೆಗೆ ಮರಳುವ ಪ್ರದರ್ಶನದ ವಸ್ತುಗಳು ಬೇಡ.

ಭಾನುವಾರ ವಾಚಕರು ಇಪ್ಪತ್ತು ನಿಮಿಷ ಮೊದಲು ಬಂದು ಮೈಕಿನ ಎತ್ತರ ಸರಿಮಾಡಿಕೊಳ್ಳಲಿ. ಬಾಗಿಲಲ್ಲಿ ಇಬ್ಬರು ನಿಂತು ಬಂದವರನ್ನು ಮಾತಾಡಿಸಲಿ, ಮುಖ್ಯವಾಗಿ ಊರಿಗೆ ಹೊಸದಾಗಿ ಬಂದವರನ್ನು. ಪ್ರಕಟಣೆಗಳು ಮೂರು ನಿಮಿಷ ಮೀರದಿರಲಿ.

ಪೂಜೆಯ ನಂತರ ಚಹಾ ಕುಡಿಯುವಾಗ ತಂಡ ಹತ್ತು ನಿಮಿಷ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು: ಜನರು ಯಾವುದನ್ನು ಹಾಡಿದರು, ಎಲ್ಲಿ ಸುಮ್ಮನಾದರು, ಹಿಂದಿನ ಬೆಂಚಿಗೆ ಯಾವುದು ಕೇಳಿಸಲಿಲ್ಲ. ನಮ್ಮ ಪುಸ್ತಕದಲ್ಲಿ 2023ರ ಆಗಸ್ಟ್ 13ರ ಪುಟದಲ್ಲಿ ಹೀಗಿದೆ: ‘ಮೊದಲನೆಯ ವಾಚನ ಚೆನ್ನಾಗಿತ್ತು, ನಿಲುಗಡೆ ಸಾಕಷ್ಟಿತ್ತು. ಶ್ಲೋಕದ ಶ್ರುತಿ ಜಾಸ್ತಿಯಾಯಿತು, ಹೆಂಗಸರ ಕಡೆಯಿಂದ ದನಿ ಬರಲಿಲ್ಲ, ಮುಂದಿನ ವಾರ ಇಳಿಸಬೇಕು. ಎಡಬದಿಯ ಸ್ಪೀಕರ್ ಗುರುವಾರದೊಳಗೆ ರಿಪೇರಿಯಾಗಬೇಕು.’